ತಿದ್ದಿದ ದೃಶ್ಯ, ಉಳಿದ ಧ್ವನಿ: ‘ದಿ ಡೂಮ್ಸ್‌ಡೇ ಮೆಷಿನ್’ ಕಂತಿನ ಎರಡು ಪಾಠಗಳ ತೌಲನಿಕ ವಿವೇಚನೆ

1. ಪ್ರಸ್ತಾವನೆ

ಕೃತಿಯೊಂದರ ಮೂಲಪಾಠ ಯಾವುದು ಎಂಬ ಪ್ರಶ್ನೆ ಕನ್ನಡ ಸಂಶೋಧನೆಗೆ ಹೊಸದಲ್ಲ. ಓಲೆಗರಿಯ ಪ್ರತಿಗಳನ್ನು ಎದುರುಬದುರಾಗಿ ಇರಿಸಿಕೊಂಡು, ಲಿಪಿಕಾರನ ಕೈತಪ್ಪು ಯಾವುದು, ಕವಿಯ ಪ್ರಯೋಗ ಯಾವುದು, ತರುವಾಯದವರ ಪ್ರಕ್ಷೇಪ ಯಾವುದು ಎಂದು ವಿಂಗಡಿಸುವ ಶಿಸ್ತನ್ನು ಡಿ. ಎಲ್. ನರಸಿಂಹಾಚಾರ್, ಎಂ. ಎಂ. ಕಲಬುರ್ಗಿ ಮೊದಲಾದ ವಿದ್ವಾಂಸರು ಇಲ್ಲಿ ಬೆಳೆಸಿದ್ದಾರೆ. ಸಂಪಾದಕನು ತಾನು ಒಪ್ಪಿದ ಪಾಠವನ್ನು ಮೇಲೆ ಕೊಟ್ಟು, ಒಪ್ಪದ ಪಾಠಗಳನ್ನು ಪುಟದ ಅಡಿಯಲ್ಲಿ ಉಳಿಸಬೇಕೆಂಬುದು ಈ ಶಿಸ್ತಿನ ಮೂಲ ನಿಯಮಗಳಲ್ಲಿ ಒಂದು. ತನ್ನ ನಿರ್ಣಯ ತಪ್ಪಾಗಿದ್ದರೆ ಮುಂದಿನವರು ಅದನ್ನು ತಿದ್ದಲು ಅವಕಾಶವಿರಬೇಕೆಂಬ ವಿನಯ ಆ ನಿಯಮದ ಹಿಂದಿದೆ.

ಇದೇ ಪ್ರಶ್ನೆ ಇಂದು ಚಲನಚಿತ್ರ ಮತ್ತು ದೂರದರ್ಶನ ಕೃತಿಗಳ ವಿಷಯದಲ್ಲಿಯೂ ಎದುರಾಗಿದೆ. ಗಣಕಯಂತ್ರದ ನೆರವಿನಿಂದ ಹಳೆಯ ಕೃತಿಗಳ ದೃಶ್ಯಭಾಗವನ್ನು ಹೊಸದಾಗಿ ರಚಿಸುವ ಕಾರ್ಯ ಹಲವು ದೇಶಗಳಲ್ಲಿ ನಡೆದಿದೆ. ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಪರಿಷ್ಕರಣೆ ಅವುಗಳಲ್ಲಿ ಗಮನಾರ್ಹವಾದದ್ದು. 1966ರಿಂದ 1969ರವರೆಗೆ ಪ್ರಸಾರವಾದ ಈ ವಿಜ್ಞಾನಕಥಾ ಧಾರಾವಾಹಿಯ 79 ಕಂತುಗಳ ದೃಶ್ಯಪರಿಣಾಮಗಳನ್ನು, ಎಂದರೆ ಗಗನನೌಕೆ, ಗ್ರಹ, ಸ್ಫೋಟ ಮುಂತಾದವುಗಳ ಚಿತ್ರಿಕೆಗಳನ್ನು, 2006ರಿಂದ ಮೊದಲ್ಗೊಂಡು ಹೊಸದಾಗಿ ರೂಪಿಸಲಾಯಿತು. ಪ್ರಸ್ತುತ ಲೇಖನವು ಅವುಗಳಲ್ಲಿ ‘ದಿ ಡೂಮ್ಸ್‌ಡೇ ಮೆಷಿನ್’ ಎಂಬ ಒಂದು ಕಂತನ್ನು ಮಾತ್ರ ಆಯ್ದುಕೊಂಡು, ಅದರ 1967ರ ಪಾಠವನ್ನೂ 2007ರ ಪಾಠವನ್ನೂ ಹೋಲಿಸಿ ನೋಡುತ್ತದೆ. ದೃಶ್ಯಪರಿಣಾಮದ ಬದಲಾವಣೆಯನ್ನು ಕೇವಲ ತಾಂತ್ರಿಕ ದುರಸ್ತಿಯೆಂದು ಭಾವಿಸಲಾಗದು. ಕೃತಿಯೊಳಗೆ ಪರಸ್ಪರ ಎದುರಾಗಿ ನಿಂತ ಎರಡು ಅರ್ಥಗಳ ನಡುವಣ ಸಮತೋಲವನ್ನು ಅದು ಬದಲಿಸಬಲ್ಲದು ಎಂಬುದು ಇಲ್ಲಿಯ ಪ್ರತಿಪಾದನೆ.

2. ಕಂತಿನ ಹಿನ್ನೆಲೆ ಮತ್ತು ಕಥಾವಸ್ತು

ಜೀನ್ ರಾಡನ್‌ಬೆರಿ ರೂಪಿಸಿದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಎರಡನೆಯ ಋತುವಿನಲ್ಲಿ, 1967ರ ಅಕ್ಟೋಬರ್ 20ರಂದು, ಎನ್‌ಬಿಸಿ ವಾಹಿನಿಯಲ್ಲಿ ಈ ಕಂತು ಮೊದಲ ಬಾರಿಗೆ ಪ್ರಸಾರವಾಯಿತು. ಕಥೆ ಮತ್ತು ಚಿತ್ರಕಥೆ ನಾರ್ಮನ್ ಸ್ಪಿನ್‌ರಾಡ್ ಅವರದು. ನಿರ್ದೇಶನ ಮಾರ್ಕ್ ಡೇನಿಯಲ್ಸ್ ಅವರದು. ಸಂಗೀತ ಸಾಲ್ ಕ್ಯಾಪ್ಲನ್ ಅವರದು. ವಿಜ್ಞಾನಕಥಾಕ್ಷೇತ್ರದ ಪ್ರತಿಷ್ಠಿತ ಹ್ಯೂಗೋ ಪ್ರಶಸ್ತಿಯ ನಾಟಕೀಯ ವಿಭಾಗಕ್ಕೆ 1968ರಲ್ಲಿ ನಾಮನಿರ್ದೇಶಿತವಾದ ಐದು ಕೃತಿಗಳೂ ಇದೇ ಧಾರಾವಾಹಿಯ ಕಂತುಗಳಾಗಿದ್ದವು. ಅವುಗಳಲ್ಲಿ ಇದೂ ಒಂದು.

ಕಥಾವಸ್ತು ಸರಳವಾದದ್ದು. ಎಂಟರ್‌ಪ್ರೈಸ್ ಎಂಬ ಗಗನನೌಕೆ ಅಪಾಯದ ಕರೆಯೊಂದನ್ನು ಅನುಸರಿಸಿ ಹೋಗುವಾಗ ಗ್ರಹಮಂಡಲಗಳೇ ಪುಡಿಪುಡಿಯಾಗಿರುವುದನ್ನು ಕಾಣುತ್ತದೆ. ಅಲ್ಲಿಯೇ ಅದರ ಸೋದರನೌಕೆ ಕಾನ್‌ಸ್ಟಲೇಷನ್ ಭಗ್ನಸ್ಥಿತಿಯಲ್ಲಿ ತೇಲುತ್ತಿರುತ್ತದೆ. ನೌಕೆಯೊಳಗೆ ಉಳಿದಿರುವವನು ಅದರ ಅಧಿಪತಿ ಕಮಡೋರ್ ಮ್ಯಾಟ್ ಡೆಕರ್ ಒಬ್ಬನೇ. ನೌಕೆ ನಿಷ್ಕ್ರಿಯವಾದಾಗ ತನ್ನ ಸಿಬ್ಬಂದಿಯ ಪ್ರಾಣ ಉಳಿಸಬೇಕೆಂದು ಅವರೆಲ್ಲರನ್ನೂ ಸಮೀಪದ ಗ್ರಹವೊಂದಕ್ಕೆ ಇಳಿಸಿದವನು ಅವನು. ಗ್ರಹಗಳನ್ನೇ ನುಂಗುವ ದೈತ್ಯಯಂತ್ರವೊಂದು ಬಂದು ಆ ಗ್ರಹವನ್ನೇ ನಾಶಮಾಡಿತು. ನಾನೂರು ಜನ ಸಾಯುವಾಗ ಕೂಗಿ ಕರೆದದ್ದನ್ನು ಕೇಳಿಸಿಕೊಂಡೂ ಏನೂ ಮಾಡಲಾಗದೆ ಉಳಿದವನು ಡೆಕರ್.

ಎಂಟರ್‌ಪ್ರೈಸಿಗೆ ಬಂದ ಡೆಕರ್, ನಾಯಕ ಕರ್ಕನು ಭಗ್ನನೌಕೆಯಲ್ಲಿಯೇ ಸಿಲುಕಿಕೊಂಡಿರುವ ಸಮಯದಲ್ಲಿ, ತನ್ನ ಮೇಲ್ದರ್ಜೆಯ ಅಧಿಕಾರವನ್ನು ಬಳಸಿ ನೌಕೆಯ ಆಧಿಪತ್ಯವನ್ನು ಕೈಗೆತ್ತಿಕೊಳ್ಳುತ್ತಾನೆ. ಗೆಲ್ಲಲಾಗದ ಯಂತ್ರದ ಮೇಲೆ ದಾಳಿಗೆ ಹೊರಡುತ್ತಾನೆ. ಉಪನಾಯಕ ಸ್ಪಾಕ್ ನಿಯಮಬದ್ಧವಾಗಿ ಪ್ರತಿಭಟಿಸುತ್ತಾನೆ. ಕಡೆಗೆ ಕರ್ಕನ ಆಜ್ಞೆಯಂತೆ ಡೆಕರನನ್ನು ಅಧಿಕಾರದಿಂದ ಇಳಿಸುತ್ತಾನೆ. ಕಾವಲಿನಿಂದ ತಪ್ಪಿಸಿಕೊಂಡ ಡೆಕರ್ ಪುಟ್ಟ ಉಪನೌಕೆಯೊಂದನ್ನು ಏರಿ ಯಂತ್ರದ ಬಾಯೊಳಗೆ ತಾನೇ ನುಗ್ಗಿ ಸಾಯುತ್ತಾನೆ. ಅವನ ಸಾವಿನಿಂದ ಯಂತ್ರದ ಶಕ್ತಿಯಲ್ಲಿ ಅತಿ ಸಣ್ಣ ಕುಸಿತ ಕಂಡುಬರುತ್ತದೆ. ಅದರಿಂದ ಹೊಳಹು ಪಡೆದ ಕರ್ಕ್ ಕಾನ್‌ಸ್ಟಲೇಷನ್ ನೌಕೆಯನ್ನೇ ಬಾಂಬಾಗಿಸಿ ಯಂತ್ರದ ಗಂಟಲಿನಲ್ಲಿ ಸ್ಫೋಟಿಸುತ್ತಾನೆ.

ಹರ್ಮನ್ ಮೆಲ್ವಿಲ್‌ನ ‘ಮೊಬಿ ಡಿಕ್’ (1851) ಕಾದಂಬರಿಯ ನೆರಳು ಈ ಕಥೆಯ ಮೇಲಿದೆ. ಬಿಳಿಯ ತಿಮಿಂಗಿಲದ ಬೆನ್ನಟ್ಟಿ ಹೋಗಿ ತನ್ನ ಹಡಗನ್ನೂ ಜನರನ್ನೂ ಬಲಿಗೊಟ್ಟ ಕ್ಯಾಪ್ಟನ್ ಅಹಾಬನ ಮರುಸೃಷ್ಟಿ ಡೆಕರ್. ಇದರ ಜೊತೆಗೆ ಶೀತಲ ಸಮರದ ಕಾಲದ ಭೀತಿಯೂ ಇಲ್ಲಿ ಸೇರಿದೆ. ಎಲ್ಲರನ್ನೂ, ತನ್ನನ್ನು ನಿರ್ಮಿಸಿದವರನ್ನೂ, ಒಟ್ಟಿಗೆ ಅಳಿಸಿಹಾಕುವ ‘ಪ್ರಳಯಯಂತ್ರ’ದ ಕಲ್ಪನೆಯನ್ನು ಹರ್ಮನ್ ಕಾನ್ 1960ರಲ್ಲಿ ಪ್ರಕಟವಾದ ತನ್ನ ಪರಮಾಣು ಯುದ್ಧವಿಷಯಕ ಗ್ರಂಥದಲ್ಲಿ ಚರ್ಚಿಸಿದ್ದನು, 1964ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ‘ಡಾಕ್ಟರ್ ಸ್ಟ್ರೇಂಜ್‌ಲವ್’ ಚಿತ್ರದಲ್ಲಿ ಅದನ್ನು ವಿಡಂಬನೆಗೆ ಒಳಪಡಿಸಿದ್ದನು. ಕಂತಿನ ಶೀರ್ಷಿಕೆ ಈ ಚರ್ಚೆಯಿಂದಲೇ ಬಂದದ್ದು. ಕಾನ್‌ಸ್ಟಲೇಷನ್ ನೌಕೆಯ ಸ್ಫೋಟದ ಪ್ರಮಾಣವನ್ನು ಸಂಭಾಷಣೆಯಲ್ಲಿ 97.835 ಮೆಗಾಟನ್ ಎಂದು ಹೇಳಲಾಗಿದೆ. 1961ರಲ್ಲಿ ಸೋವಿಯತ್ ಒಕ್ಕೂಟ ಪರೀಕ್ಷಿಸಿದ, ಇದುವರೆಗಿನ ಅತಿ ದೊಡ್ಡ ಬಾಂಬಿನ ಶಕ್ತಿ ಸುಮಾರು 50 ಮೆಗಾಟನ್. ಆ ಸುದ್ದಿಯನ್ನು ಆರು ವರ್ಷಗಳ ಹಿಂದಷ್ಟೇ ಕೇಳಿದ್ದ ವೀಕ್ಷಕರಿಗೆ ಈ ಅಂಕಿ ಬರಿಯ ಅಲಂಕಾರವಾಗಿರಲಿಲ್ಲ.

3. ಪರಿಷ್ಕರಣೆಯ ಕಾರಣ ಮತ್ತು ವಿಧಾನ

1960ರ ದಶಕದ ದೃಶ್ಯಪರಿಣಾಮಗಳು ಹೇಗೆ ತಯಾರಾಗುತ್ತಿದ್ದವು ಎಂಬುದನ್ನು ತಿಳಿಯದೆ ಪರಿಷ್ಕರಣೆಯ ಅಗತ್ಯವನ್ನು ಅಳೆಯಲಾಗದು. ನೌಕೆಯ ಮಾದರಿಯನ್ನು ನೀಲಿ ಹಿನ್ನೆಲೆಯ ಮುಂದೆ ಒಮ್ಮೆ, ನಕ್ಷತ್ರಗಳನ್ನು ಮತ್ತೊಮ್ಮೆ, ಇನ್ನಿತರ ವಸ್ತುಗಳನ್ನು ಮಗುದೊಮ್ಮೆ ಚಿತ್ರೀಕರಿಸಿ, ಬಳಿಕ ಆಪ್ಟಿಕಲ್ ಪ್ರಿಂಟರ್ ಎಂಬ ಯಂತ್ರದಲ್ಲಿ ಅವುಗಳನ್ನು ಒಂದೇ ಫಿಲ್ಮಿನ ಮೇಲೆ ಕೂಡಿಸಲಾಗುತ್ತಿತ್ತು. ಒಂದೊಂದು ಬಾರಿ ಪ್ರತಿ ತೆಗೆದಾಗಲೂ ಚಿತ್ರದ ಸ್ಪಷ್ಟತೆ ಕುಂದುತ್ತಿತ್ತು; ಕಾಳುಕಾಳಾದ ಒರಟುತನ ಹೆಚ್ಚುತ್ತಿತ್ತು. ಓಲೆಗರಿಯ ಪ್ರತಿಯ ಪ್ರತಿಯಲ್ಲಿ ತಪ್ಪುಗಳು ಪೇರುವ ಬಗೆಗೆ ಇದು ಬಹಳ ಹತ್ತಿರವಾದದ್ದು. ನಟರು ಇರುವ ದೃಶ್ಯಗಳಾದರೋ ನೇರವಾಗಿ 35 ಮಿ.ಮೀ. ನೆಗೆಟಿವ್‌ನಲ್ಲಿ ಉಳಿದಿದ್ದವು.

ಆ ನೆಗೆಟಿವ್‌ಗಳನ್ನು ಉನ್ನತ ಸ್ಪಷ್ಟತೆಯ ಡಿಜಿಟಲ್ ರೂಪಕ್ಕೆ ತಂದಾಗ ನಟರ ದೃಶ್ಯಗಳು 1967ರ ಯಾವ ವೀಕ್ಷಕನೂ ಕಾಣದಷ್ಟು ನಿಚ್ಚಳವಾದವು. ದೃಶ್ಯಪರಿಣಾಮದ ಚಿತ್ರಿಕೆಗಳ ದೋಷವೂ ಅಷ್ಟೇ ನಿಚ್ಚಳವಾಯಿತು. ಅಂದಿನ ಸಣ್ಣ ಪರದೆಯ ಮಸುಕಿನಲ್ಲಿ ಒಂದಾಗಿ ಕಾಣುತ್ತಿದ್ದ ಎರಡು ಬಗೆಯ ಚಿತ್ರಗಳು ಈಗ ಬೇರೆಬೇರೆಯಾಗಿ ಒಡೆದು ತೋರತೊಡಗಿದವು. ಹಳೆಯದನ್ನು ಹಾಗೆಯೇ ಉಳಿಸಿಕೊಂಡರೂ ಹಳೆಯ ಅನುಭವ ಉಳಿಯುವುದಿಲ್ಲ ಎಂಬ ಈ ಸಂಗತಿಯನ್ನು ಪರಿಷ್ಕರಣೆಯನ್ನು ವಿರೋಧಿಸುವವರು ಗಮನಿಸಬೇಕಾಗುತ್ತದೆ.

ಪರಿಷ್ಕೃತ ಕಂತುಗಳ ಪ್ರಸಾರ 2006ರ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು. ಮೈಕೇಲ್ ಒಕುಡ, ಡೆನಿಸ್ ಒಕುಡ ಹಾಗೂ ಡೇವಿಡ್ ರಾಸಿ ಅವರು ಇದರ ನಿರ್ಮಾಣದ ಹೊಣೆ ಹೊತ್ತರು. ಸಿಬಿಎಸ್ ಡಿಜಿಟಲ್ ಸಂಸ್ಥೆಯಲ್ಲಿ ನೀಲ್ ರೇ ಅವರ ಮೇಲ್ವಿಚಾರಣೆಯಲ್ಲಿ ಹೊಸ ಚಿತ್ರಿಕೆಗಳು ಸಿದ್ಧವಾದವು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿರುವ ಎಂಟರ್‌ಪ್ರೈಸಿನ ಸುಮಾರು 11 ಅಡಿ ಉದ್ದದ ಮೂಲ ಮಾದರಿಯನ್ನು ಆಧಾರವಾಗಿ ಇರಿಸಿಕೊಳ್ಳಲಾಯಿತು. ಹೊಸ ದೃಶ್ಯಗಳನ್ನು ಕಥೆಗೆ ಸೇರಿಸದೆ, ಇದ್ದ ಚಿತ್ರಿಕೆಯ ಸ್ಥಾನದಲ್ಲಿ ಅಷ್ಟೇ ಅವಧಿಯ ಬೇರೊಂದನ್ನು ಇರಿಸುವುದು ಈ ಕಾರ್ಯದ ಸಾಮಾನ್ಯ ಕ್ರಮವಾಗಿತ್ತು. ಸಂಭಾಷಣೆ, ಸಂಗೀತ, ಸಂಕಲನದ ಲಯ ಇವೆಲ್ಲ ಮೊದಲಿನಂತೆಯೇ ಉಳಿದುದರಿಂದ ಬೇರೆ ದಾರಿಯೂ ಇರಲಿಲ್ಲ. ಪದ್ಯವೊಂದರಲ್ಲಿ ಲುಪ್ತವಾದ ಪದವನ್ನು ಊಹಿಸುವ ಸಂಪಾದಕನು ಗಣಕ್ಕೂ ಪ್ರಾಸಕ್ಕೂ ಒಪ್ಪುವ ಪದವನ್ನೇ ಹುಡುಕಬೇಕಾದಂತೆ, ಈ ತಂಡವೂ ಕ್ಯಾಪ್ಲನ್ನನ ಸಂಗೀತದ ಮಾತ್ರೆಗಳಿಗೆ ಒಪ್ಪುವ ಚಿತ್ರವನ್ನೇ ರಚಿಸಬೇಕಾಯಿತು.

4. ಪಿಶಾಚಿಯೋ ಯಂತ್ರವೋ

ಈ ಕಂತಿನ ಕೇಂದ್ರದಲ್ಲಿ ಎರಡು ವಿವರಣೆಗಳ ಸಂಘರ್ಷವಿದೆ. ಭಗ್ನನೌಕೆಯಲ್ಲಿ ಸಿಕ್ಕ ಡೆಕರ್, ತಾನು ಕಂಡದ್ದು ನರಕದಿಂದ ನೇರವಾಗಿ ಎದ್ದುಬಂದ ಪಿಶಾಚಿಯನ್ನು ಎಂದು ಬಣ್ಣಿಸುತ್ತಾನೆ. ಸ್ಪಾಕನ ವಿವರಣೆ ಬೇರೆ. ಅವನ ಪಾಲಿಗೆ ಅದೊಂದು ಸ್ವಯಂಚಾಲಿತ ಆಯುಧ. ಗ್ರಹಗಳನ್ನು ಒಡೆದು ಆ ಚೂರುಗಳನ್ನೇ ಇಂಧನವಾಗಿ ಅರಗಿಸಿಕೊಳ್ಳುತ್ತದೆ. ಗ್ರಹಗಳಿರುವವರೆಗೆ ಅದು ನಿಲ್ಲುವುದಿಲ್ಲ. ಎಂದೋ ಮುಗಿದ ಯುದ್ಧವೊಂದರಲ್ಲಿ, ಬೇರೊಂದು ನಕ್ಷತ್ರಪುಂಜದಲ್ಲಿ, ಬೆದರಿಕೆಗಾಗಿ ಯಾರೋ ನಿರ್ಮಿಸಿದ ಆಯುಧ ಅದಾಗಿರಬಹುದೆಂದು ಕರ್ಕ್ ಊಹಿಸುತ್ತಾನೆ. ನಿರ್ಮಿಸಿದವರು ಅಳಿದರೂ ಅದು ಚಲಿಸುತ್ತಲೇ ಇದೆ. ಮೊದಲನೆಯ ವಿವರಣೆಯಲ್ಲಿ ಕೇಡಿಗೆ ಇಚ್ಛೆಯಿದೆ. ಎರಡನೆಯದರಲ್ಲಿ ಇಚ್ಛೆಯೇ ಇಲ್ಲ. ಇಚ್ಛೆಯುಳ್ಳ ಕೇಡಿನ ಮೇಲೆ ಸೇಡು ತೀರಿಸಿಕೊಳ್ಳಬಹುದು. ಇಚ್ಛೆಯಿಲ್ಲದ ಯಂತ್ರದ ಮೇಲೆ ಸೇಡು ಅರ್ಥಹೀನ. ಡೆಕರನ ದುರಂತವಿರುವುದು ಈ ವ್ಯತ್ಯಾಸದಲ್ಲಿ.

1967ರ ಪಾಠದಲ್ಲಿ ಈ ಯಂತ್ರದ ಮಾದರಿ ತೀರ ಸರಳವಾದದ್ದು. ಒಂದು ತುದಿ ಅಗಲವಾಗಿ ತೆರೆದ, ಇನ್ನೊಂದು ತುದಿ ಕಿರಿದಾಗುತ್ತ ಹೋಗುವ ಕೊಳವೆ, ಮೈಮೇಲೆ ವಿವರಗಳಿಲ್ಲ, ಬಾಯಲ್ಲಿ ಬೆಂಕಿಯ ಹೊಳಪು. ಲೇಖಕ ಸ್ಪಿನ್‌ರಾಡ್ ಊಹಿಸಿದ್ದು ಮೈತುಂಬ ಆಯುಧಗಳನ್ನು ಹೊತ್ತ ಭೀಕರ ರೂಪವನ್ನು. ತೆರೆಯ ಮೇಲೆ ಬಂದದ್ದು ಗಾಳಿಯ ದಿಕ್ಕು ತೋರುವ ಬಟ್ಟೆಚೀಲವನ್ನು ಸಿಮೆಂಟಿನಲ್ಲಿ ಅದ್ದಿದಂತಿತ್ತು ಎಂಬ ಅರ್ಥದ ಅಸಮಾಧಾನವನ್ನು ಅವರು ಮುಂದೆ ವ್ಯಕ್ತಪಡಿಸಿದ್ದುಂಟು. ಚಿತ್ರಗಳನ್ನು ಕೂಡಿಸುವಲ್ಲಿಯೂ ದೋಷಗಳಿವೆ. ಯಂತ್ರದ ಅಂಚು ಮಸುಕಾಗಿದೆ. ಕೆಲವೆಡೆ ಅದರ ಮೈ ಅರೆಪಾರದರ್ಶಕವೆಂಬಂತೆ ತೋರುತ್ತದೆ. ಒಂದು ಚಿತ್ರಿಕೆಯಿಂದ ಇನ್ನೊಂದಕ್ಕೆ ಅದರ ಗಾತ್ರ ಸ್ಥಿರವಾಗಿಲ್ಲ.

ತಾಂತ್ರಿಕ ದೃಷ್ಟಿಯಿಂದ ಇವೆಲ್ಲವೂ ದೋಷಗಳೇ. ಆದರೆ ಪಾಠದೊಳಗೆ ಅವು ಮಾಡುವ ಕೆಲಸ ಬೇರೆ. ವಿವರಗಳಿಲ್ಲದ ಬೂದು ಮೈ ಯಾವ ಅರ್ಥವನ್ನಾದರೂ ತನ್ನ ಮೇಲೆ ಆರೋಪಿಸಿಕೊಳ್ಳಲು ಒಡ್ಡಿಕೊಂಡಿದೆ. ಅಹಾಬನು ತಿಮಿಂಗಿಲದ ಬಿಳುಪಿನ ಮೇಲೆ ತನ್ನ ದ್ವೇಷವನ್ನು ಆರೋಪಿಸಿದಂತೆ ಡೆಕರ್ ಈ ಬೋಳುಮೈಯ ಮೇಲೆ ತನ್ನ ಪಾಪಪ್ರಜ್ಞೆಯನ್ನು ಆರೋಪಿಸುತ್ತಾನೆ. ಗಾತ್ರ ನಿಶ್ಚಿತವಿಲ್ಲದ, ಅಂಚು ಕರಗಿದ, ಎಲ್ಲಿಂದಲೋ ಮೂಡಿದಂತೆ ತೋರುವ ಆಕೃತಿಯನ್ನು ನೋಡುವ ವೀಕ್ಷಕನಿಗೆ ಪಿಶಾಚಿ ಎಂಬ ಡೆಕರನ ಮಾತು ಹುಚ್ಚನ ಬಡಬಡಿಕೆಯಾಗಿ ಕೇಳುವುದಿಲ್ಲ. ಕಿವಿಗೆ ಸ್ಪಾಕನ ತರ್ಕ ಒಪ್ಪಿಗೆಯಾಗುತ್ತಿದ್ದರೂ ಕಣ್ಣು ಡೆಕರನ ಪಕ್ಷದಲ್ಲಿ ನಿಲ್ಲುತ್ತದೆ.

2007ರ ಪಾಠದಲ್ಲಿ ಈ ಸಂಬಂಧ ತಿರುವುಮುರುವಾಗುತ್ತದೆ. ಆಕೃತಿಯ ಮೂಲರೇಖೆಯನ್ನು ಪರಿಷ್ಕರ್ತರು ಗೌರವಿಸಿದ್ದಾರೆ. ಕೊಳವೆಯಾಕಾರ ಹಾಗೆಯೇ ಉಳಿದಿದೆ. ಆದರೆ ಈಗ ಅದಕ್ಕೆ ಘನತ್ವ ಬಂದಿದೆ. ಮೈಮೇಲಿನ ಉಬ್ಬುತಗ್ಗುಗಳು ಕಾಣುತ್ತವೆ. ಬೆಳಕು ಒಂದು ದಿಕ್ಕಿನಿಂದ ಬಿದ್ದು ಇನ್ನೊಂದು ಕಡೆ ನೆರಳು ಮೂಡುತ್ತದೆ. ಒಡೆದ ಗ್ರಹಗಳ ಬಂಡೆಚೂರುಗಳ ನಡುವೆ ಅದಕ್ಕೊಂದು ನಿಶ್ಚಿತ ಸ್ಥಾನವಿದೆ. ಬಹುಕಾಲ ಬಾಹ್ಯಾಕಾಶದಲ್ಲಿ ಸವೆದ, ಯಾರೋ ಮಾಡಿದ, ಅಳೆಯಬಹುದಾದ ವಸ್ತು ಅದು. ಸ್ಪಾಕ್ ಹೇಳುವುದು ಈಗ ಕಣ್ಣಿಗೂ ಸಮ್ಮತವಾಗುತ್ತದೆ. ಪರಿಣಾಮವಾಗಿ ಡೆಕರ್ ಮೊದಲಿಗಿಂತ ಹೆಚ್ಚು ಒಂಟಿಯಾಗುತ್ತಾನೆ. ಅವನು ಪಿಶಾಚಿ ಎಂದಾಗ ವೀಕ್ಷಕನು ಅವನನ್ನು ನಂಬುವುದಕ್ಕಿಂತ ಅವನಿಗಾಗಿ ಮರುಗುತ್ತಾನೆ.

ಒಂದು ಮಾತೂ ಬದಲಾಗದೆ, ಒಬ್ಬ ನಟನ ಒಂದು ಚಹರೆಯೂ ಬದಲಾಗದೆ, ಪಾತ್ರವೊಂದರ ಬಗೆಗಿನ ವೀಕ್ಷಕನ ನಿಲುವು ಹೀಗೆ ಪಲ್ಲಟಗೊಳ್ಳುವುದು ಗಮನಾರ್ಹ. ಇದರಿಂದ ಒಂದು ಪಾಠ ಮೇಲು, ಇನ್ನೊಂದು ಕೀಳು ಎಂದು ಸಿದ್ಧಪಡುವುದಿಲ್ಲ. ಅವು ಒಂದೇ ಕೃತಿಯ ಎರಡು ಪಾಠಾಂತರಗಳೆಂಬುದು ಮಾತ್ರ ಸಿದ್ಧಪಡುತ್ತದೆ. ಕ್ಲಿಷ್ಟವಾಗಿ ತೋರುವ ಪಾಠವನ್ನು ಸುಲಭವಾದ ಪಾಠಕ್ಕಾಗಿ ಅವಸರದಿಂದ ಕೈಬಿಡಬಾರದೆಂಬ ಗ್ರಂಥಸಂಪಾದನೆಯ ಎಚ್ಚರಿಕೆ ಇಲ್ಲಿ ನೆನಪಾಗುತ್ತದೆ. ದೋಷವೆಂದು ತೋರಿದ್ದು ಅರ್ಥದ ಆಸರೆಯೂ ಆಗಿರಬಹುದು.

5. ಗಾತ್ರದ ಪ್ರಶ್ನೆ: ಡೆಕರನ ಸಾವು

ಪರಿಷ್ಕರಣೆಯ ಲಾಭ ಎದ್ದುಕಾಣುವುದು ಡೆಕರನ ಸಾವಿನ ಸನ್ನಿವೇಶದಲ್ಲಿ. ಯಂತ್ರವು ಮೈಲಿಗಟ್ಟಲೆ ಉದ್ದವಿದೆ, ಅದರ ಬಾಯಿ ಹನ್ನೆರಡು ನೌಕೆಗಳನ್ನು ನುಂಗಬಲ್ಲದು ಎಂಬ ಮಾತು ಸಂಭಾಷಣೆಯಲ್ಲಿ ಬರುತ್ತದೆ. 1967ರ ಚಿತ್ರಿಕೆಗಳು ಈ ಮಾತನ್ನು ಸಮರ್ಥಿಸುವುದಿಲ್ಲ. ಅಂದಿನ ಅಡಚಣೆಗಳು ದೊಡ್ಡವು. ಕಾನ್‌ಸ್ಟಲೇಷನ್ ನೌಕೆಗೆ ಬಳಸಿದ್ದು ಎಎಂಟಿ ಕಂಪೆನಿ ಅಂಗಡಿಗಳಲ್ಲಿ ಮಾರುತ್ತಿದ್ದ ಎಂಟರ್‌ಪ್ರೈಸಿನ ಪ್ಲಾಸ್ಟಿಕ್ ಮಾದರಿಯನ್ನು. ಅದನ್ನು ಅಲ್ಲಲ್ಲಿ ಕೆಡಿಸಿ ಭಗ್ನನೌಕೆಯಾಗಿಸಲಾಯಿತು. 1701 ಎಂಬ ಅಂಕಿಗಳನ್ನೇ ಸ್ಥಳಾಂತರಿಸಿ 1017 ಎಂಬ ನೌಕಾಸಂಖ್ಯೆಯನ್ನು ಕೊಡಲಾಯಿತು. ಇಷ್ಟು ಕಡಮೆ ಸಾಮಗ್ರಿಯಲ್ಲಿ ಗಾತ್ರದ ಭ್ರಮೆಯನ್ನು ಹುಟ್ಟಿಸುವುದು ಕಷ್ಟಸಾಧ್ಯವಾಗಿತ್ತು.

2007ರ ಪಾಠದಲ್ಲಿ ನೌಕೆ ಮತ್ತು ಯಂತ್ರಗಳ ಪ್ರಮಾಣ ಪರಸ್ಪರ ಹೊಂದಿಕೊಂಡಿದೆ. ಡೆಕರನ ಉಪನೌಕೆ ಯಂತ್ರದ ಬಾಯಿಯ ಎದುರು ಧೂಳಿನ ಕಣದಂತೆ ತೋರುತ್ತದೆ. ಈ ಚಿತ್ರಿಕೆಗಳ ನಡುವೆ ಬರುವ ನಟ ವಿಲಿಯಂ ವಿಂಡಮ್‌ನ ಮುಖದ ಸಮೀಪದ ದೃಶ್ಯಗಳು 1967ರವೇ. ಭಯ ಮತ್ತು ನಿರ್ಧಾರಗಳ ನಡುವೆ ತುಯ್ದಾಡುವ ಆ ಮುಖ ಪರದೆಯನ್ನು ತುಂಬುತ್ತದೆ. ಮರುಕ್ಷಣದಲ್ಲಿ ಅವನನ್ನು ಹೊತ್ತ ನೌಕೆ ಕಾಣದಷ್ಟು ಕಿರಿದಾಗುತ್ತದೆ. ಮನುಷ್ಯನ ಅಂತರಂಗದ ಗಾತ್ರಕ್ಕೂ ಹೊರಜಗತ್ತಿನಲ್ಲಿ ಅವನಿಗಿರುವ ಗಾತ್ರಕ್ಕೂ ಇರುವ ಅಂತರ ಚಿತ್ರಕಥೆಯಲ್ಲಿ ಮೊದಲೇ ಇದ್ದದ್ದು. ಹಳೆಯ ಚಿತ್ರಿಕೆಗಳು ಅದನ್ನು ಕಾಣಿಸಲಾರದೆ ಹೋಗಿದ್ದವು. ಡೆಕರನ ಸಾವಿನಿಂದ ಯಂತ್ರಕ್ಕಾದ ಹಾನಿ ಉಪಕರಣಗಳಷ್ಟೇ ಗುರುತಿಸಬಲ್ಲ ಸಣ್ಣ ಕುಸಿತ ಎಂಬ ವಿವರಕ್ಕೂ ಇಲ್ಲಿ ಹೊಸ ಬಲ ಬಂದಿದೆ. ಅಷ್ಟು ದೊಡ್ಡ ಬಾಯಿಗೆ ಅಷ್ಟು ಚಿಕ್ಕ ಬಲಿ. ಆದರೂ ಲೋಕವನ್ನು ಉಳಿಸುವ ಸೂಚನೆ ಸಿಗುವುದು ಅದರಿಂದಲೇ.

ಹೀಗೆ ಪಿಶಾಚಿಯ ಅರ್ಥವನ್ನು ಕುಗ್ಗಿಸಿದ ಸ್ಪಷ್ಟತೆಯೇ ಬಲಿದಾನದ ಅರ್ಥವನ್ನು ಹಿಗ್ಗಿಸಿದೆ. ಪರಿಷ್ಕರಣೆಯನ್ನು ಇಡಿಯಾಗಿ ಹೊಗಳುವ ಅಥವಾ ಇಡಿಯಾಗಿ ತೆಗಳುವ ವಿಮರ್ಶೆ ಈ ಸೂಕ್ಷ್ಮವನ್ನು ಕಾಣಲಾರದು.

6. ಬದಲಾಗದೆ ಉಳಿದದ್ದು

ಎರಡೂ ಪಾಠಗಳಲ್ಲಿ ಸಮಾನವಾಗಿರುವ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ನಾನೂರು ಜನರ ಸಾವು ಎರಡು ಪಾಠಗಳಲ್ಲಿಯೂ ಕಾಣುವುದಿಲ್ಲ. ಗ್ರಹ ಒಡೆಯುವ ದೃಶ್ಯ, ಜನರ ಆರ್ತನಾದ ಯಾವುದನ್ನೂ ತೋರಿಸದೆ, ಭಗ್ನನೌಕೆಯ ಕೋಣೆಯೊಂದರಲ್ಲಿ ಕುಸಿದು ಕುಳಿತ ಒಬ್ಬ ಮನುಷ್ಯನ ತಡವರಿಸುವ ಮಾತಿನಲ್ಲಿ ಅದು ನಿರೂಪಿತವಾಗಿದೆ. ಸಿಬ್ಬಂದಿಯನ್ನು ಮೂರನೆಯ ಗ್ರಹಕ್ಕೆ ಇಳಿಸಿದೆ ಎಂದು ಡೆಕರ್ ಹೇಳುವುದು, ಅಂಥ ಗ್ರಹವೇ ಇಲ್ಲವೆಂದು ಕರ್ಕ್ ಹೇಳುವುದು, ಅದು ತನಗೆ ಗೊತ್ತಿಲ್ಲವೇ ಎಂಬಂತೆ ಡೆಕರ್ ಒಡೆದುಹೋಗುವುದು: ಇಷ್ಟೇ ಅಲ್ಲಿರುವುದು.

ಗಣಕಯಂತ್ರದ ಸಾಮರ್ಥ್ಯ ಕೈಯಲ್ಲಿದ್ದ 2007ರ ತಂಡಕ್ಕೆ ಆ ಗ್ರಹನಾಶವನ್ನು ವೈಭವದಿಂದ ತೋರಿಸುವುದು ತಾಂತ್ರಿಕವಾಗಿ ಅಸಾಧ್ಯವೇನೂ ಆಗಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಇದ್ದದ್ದನ್ನು ಬದಲಿಸಿದರೇ ಹೊರತು ಇಲ್ಲದ್ದನ್ನು ಸೇರಿಸಲಿಲ್ಲ. ಪಾಠಪರಿಷ್ಕರಣೆಗೂ ಪ್ರಕ್ಷೇಪಕ್ಕೂ ನಡುವಣ ಗೆರೆ ಇದೇ. ಆ ದೃಶ್ಯವನ್ನು ಸೇರಿಸಿದ್ದರೆ ಡೆಕರನ ಮಾತು ಕೇವಲ ವಿವರಣೆಯಾಗಿ ಇಳಿಯುತ್ತಿತ್ತು. ಇದಕ್ಕೆ ಕ್ಯಾಪ್ಲನ್ನನ ಸಂಗೀತವನ್ನೂ ಸೇರಿಸಿ ಹೇಳಬೇಕು. ಯಂತ್ರವು ಹತ್ತಿರವಾದಂತೆಲ್ಲ ಬಿಗಿಯಾಗುತ್ತ ಹೋಗುವ ಆ ಸಂಗೀತ ಹಳೆಯ ಚಿತ್ರಕ್ಕೆ ಸಂಯೋಜಿತವಾದದ್ದು. ಹೊಸ ಚಿತ್ರದ ಅಡಿಯಲ್ಲಿಯೂ ಅದು ಹಳೆಯ ಭೀತಿಯನ್ನೇ ನುಡಿಯುತ್ತದೆ. ಕಣ್ಣಿಗೆ ಯಂತ್ರವಾಗಿ ಕಂಡದ್ದು ಕಿವಿಗೆ ಇನ್ನೂ ಪಿಶಾಚಿಯಾಗಿಯೇ ಉಳಿದಿದೆ. 1967ರ ಪಾಠದಲ್ಲಿ ಕಣ್ಣು ಡೆಕರನ ಪಕ್ಷದಲ್ಲಿದ್ದರೆ, 2007ರ ಪಾಠದಲ್ಲಿ ಅವನ ಪಕ್ಷದಲ್ಲಿ ಉಳಿದಿರುವುದು ಸಂಗೀತ.

ಅಂತ್ಯದಲ್ಲಿಯೂ ಮೂಲದ ಆಶಯ ಅಬಾಧಿತವಾಗಿದೆ. ಪ್ರಳಯಕಾರಿ ಆಯುಧವನ್ನು ಮತ್ತೊಂದು ಪ್ರಳಯಕಾರಿ ಶಕ್ತಿಯಿಂದಲೇ ಅಡಗಿಸಬೇಕಾದ ವ್ಯಂಗ್ಯವನ್ನು ಕರ್ಕ್ ಇಪ್ಪತ್ತನೆಯ ಶತಮಾನದ ಜಲಜನಕ ಬಾಂಬನ್ನು ನೆನೆದು ಹೇಳುತ್ತಾನೆ. ಇಂಥ ಯಂತ್ರಗಳು ಇನ್ನೂ ಇರಬಹುದೆ ಎಂಬ ಸಂದೇಹವನ್ನು ಉಳಿಸಿ ಕಂತು ಮುಗಿಯುತ್ತದೆ. ಯಂತ್ರದ ಕವಚ ಒಡೆಯುವುದಿಲ್ಲ. ಒಳಗಿನ ಉರಿ ಆರಿ, ನಿರ್ಜೀವವಾಗಿ ತೇಲುತ್ತಿರುತ್ತದೆ.

7. ಪರಿಷ್ಕರಣೆಯ ನೀತಿ

ಮೂಲದ ಜೊತೆಗೆ ಪರಿಷ್ಕರ್ತರು ಹೇಗೆ ವ್ಯವಹರಿಸುತ್ತಾರೆ ಎಂಬುದರಲ್ಲಿ ಹಲವು ಮಾದರಿಗಳಿವೆ. ಜಾರ್ಜ್ ಲ್ಯೂಕಾಸ್ 1997ರಲ್ಲಿ ತಮ್ಮ ‘ಸ್ಟಾರ್ ವಾರ್ಸ್’ ಚಿತ್ರಗಳನ್ನು ಬದಲಿಸಿ ಮರುಬಿಡುಗಡೆ ಮಾಡಿದರು. ಮುಂದೆ ಬದಲಾದ ರೂಪಗಳೇ ಅಧಿಕೃತವೆನಿಸಿ, ಮೊದಲಿನ ರೂಪ ವೀಕ್ಷಕರಿಗೆ ದುರ್ಲಭವಾಯಿತು. ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಹಚ್ಚುವುದರ ವಿರುದ್ಧ ವಿವಾದ ನಡೆಯುತ್ತಿದ್ದ 1988ರಲ್ಲಿ, ಕೃತಿಗಳನ್ನು ಹೀಗೆ ಮಾರ್ಪಡಿಸುವುದನ್ನು ವಿರೋಧಿಸಿ ಅಮೆರಿಕದ ಸಂಸತ್ತಿನ ಮುಂದೆ ಸಾಕ್ಷ್ಯ ನುಡಿದವರಲ್ಲಿ ಇದೇ ಲ್ಯೂಕಾಸ್ ಒಬ್ಬರು. ತಮ್ಮ ಕೃತಿಯನ್ನು ತಾವೇ ತಿದ್ದುವ ಹಕ್ಕು ಕರ್ತೃವಿಗಿದೆ ಎಂಬುದು ಅವರ ಪರವಾದ ವಾದ. ‘ಸ್ಟಾರ್ ಟ್ರೆಕ್’ಗೆ ಈ ವಾದವೂ ಒದಗುವುದಿಲ್ಲ. ರಾಡನ್‌ಬೆರಿ 1991ರಲ್ಲಿಯೇ ತೀರಿಕೊಂಡಿದ್ದರು. ಇಲ್ಲಿಯ ಪರಿಷ್ಕರ್ತರು ಕರ್ತೃಗಳಲ್ಲ, ಸಂಪಾದಕರು. ಆದ್ದರಿಂದ ಸಂಪಾದಕನ ಹೊಣೆ ಅವರಿಗೆ ಅನ್ವಯಿಸುತ್ತದೆ.

ಬ್ರಿಟನ್ನಿನ ‘ಡಾಕ್ಟರ್ ಹೂ’ ಧಾರಾವಾಹಿಯದು ಬೇರೊಂದು ಮಾದರಿ. 1975ರ ‘ದಿ ಆರ್ಕ್ ಇನ್ ಸ್ಪೇಸ್’ ಕಥಾನಕ 2002ರಲ್ಲಿಯೂ, 1964ರ ‘ದಿ ಡಾಲೆಕ್ ಇನ್ವೇಷನ್ ಆಫ್ ಅರ್ತ್’ ಕಥಾನಕ 2003ರಲ್ಲಿಯೂ ಡಿವಿಡಿಯಾಗಿ ಬಂದಾಗ ಹೊಸ ದೃಶ್ಯಪರಿಣಾಮಗಳನ್ನು ಐಚ್ಛಿಕವಾಗಿ ಕೊಡಲಾಯಿತು. ವೀಕ್ಷಕನು ಬಯಸಿದರೆ ಹೊಸದು, ಇಲ್ಲವಾದರೆ ಹಳೆಯದು. 2009ರಲ್ಲಿ ಬಂದ ‘ಸ್ಟಾರ್ ಟ್ರೆಕ್’ನ ಬ್ಲೂ-ರೇ ಆವೃತ್ತಿಯೂ ಇದೇ ಕ್ರಮವನ್ನು ಅನುಸರಿಸಿ ಎರಡೂ ಪಾಠಗಳನ್ನು ಒಂದೇ ತಟ್ಟೆಯಲ್ಲಿ ಒದಗಿಸಿತು. ಅಡಿಟಿಪ್ಪಣಿಯಲ್ಲಿ ಪಾಠಾಂತರ ಕೊಡುವ ಪದ್ಧತಿಗೆ ದೃಶ್ಯಮಾಧ್ಯಮದಲ್ಲಿ ಇದಕ್ಕಿಂತ ಸಮೀಪವಾದ ರೂಪ ದೊರೆಯದು. ಆದರೆ ಆನಂತರದ ಮರುಪ್ರಸಾರಗಳಲ್ಲಿಯೂ ಅಂತರ್ಜಾಲದ ಪ್ರಸಾರದಲ್ಲಿಯೂ ಹೆಚ್ಚಾಗಿ ಚಲಾವಣೆಗೆ ಬಂದದ್ದು ಪರಿಷ್ಕೃತ ಪಾಠವೇ. ಅದನ್ನು ಮಾತ್ರ ಕಂಡವರಿಗೆ 2007ರ ಯಂತ್ರವೇ 1967ರ ಯಂತ್ರವಾಗಿಬಿಡುತ್ತದೆ. ಪ್ರಕ್ಷೇಪವು ಮೂಲವೆನಿಸುವುದು ಯಾವಾಗಲೂ ಹೀಗೆ, ಯಾರೂ ಸುಳ್ಳು ಹೇಳದೆಯೇ.

ಈ ಪ್ರಶ್ನೆ ಕನ್ನಡಕ್ಕೆ ದೂರದ್ದಲ್ಲ. ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿಯೂ, ದೊರೆ-ಭಗವಾನ್ ನಿರ್ದೇಶನದ ‘ಕಸ್ತೂರಿ ನಿವಾಸ’ (1971) 2014ರಲ್ಲಿಯೂ ಕಪ್ಪುಬಿಳುಪಿನಿಂದ ವರ್ಣಕ್ಕೆ ಮಾರ್ಪಟ್ಟು ಮತ್ತೆ ತೆರೆಗೆ ಬಂದವು. ಹೊಸ ಪೀಳಿಗೆಯನ್ನು ಹಳೆಯ ಕೃತಿಗಳ ಬಳಿಗೆ ತಂದದ್ದು ಆ ಪ್ರಯತ್ನಗಳ ಉಪಕಾರ. ಆದರೆ ನೆರಳು-ಬೆಳಕಿನ ಲೆಕ್ಕದಲ್ಲಿ ಸಂಯೋಜಿಸಿದ ದೃಶ್ಯವೊಂದಕ್ಕೆ ಬಣ್ಣ ಬಂದಾಗ ಅರ್ಥದಲ್ಲಿ ಆಗುವ ಪಲ್ಲಟವನ್ನು ಕುರಿತು, ಮೇಲಿನ ಕಂತಿನ ವಿಷಯದಲ್ಲಿ ಮಾಡಿದಂತೆ ಚಿತ್ರಿಕೆ ಚಿತ್ರಿಕೆಯಾಗಿ ಹೋಲಿಸಿ ನೋಡುವ ಕೆಲಸಕ್ಕೆ ಕನ್ನಡ ಅಧ್ಯಯನದಲ್ಲಿ ವಿಪುಲ ಅವಕಾಶವಿದೆ. ಅದಕ್ಕೆ ಬೇಕಾದ ಪರಿಭಾಷೆ, ವಿಧಾನ ಎರಡೂ ಗ್ರಂಥಸಂಪಾದನೆಯ ರೂಪದಲ್ಲಿ ಈಗಾಗಲೇ ಇಲ್ಲಿವೆ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಒಂದು, ದೃಶ್ಯಪರಿಣಾಮವು ಕಥೆಯ ಹೊರಗಿನ ಅಲಂಕಾರವಲ್ಲ. ‘ದಿ ಡೂಮ್ಸ್‌ಡೇ ಮೆಷಿನ್’ ಕಂತಿನಲ್ಲಿ ಪಿಶಾಚಿ ಮತ್ತು ಯಂತ್ರ ಎಂಬ ಎರಡು ವಿವರಣೆಗಳ ತೂಕವನ್ನು ನಿರ್ಧರಿಸುವುದರಲ್ಲಿ ಅದಕ್ಕೆ ಪಾಲಿದೆ. ಎರಡು, 1967ರ ಪಾಠದ ತಾಂತ್ರಿಕ ಕೊರತೆ ಡೆಕರನ ದೃಷ್ಟಿಗೆ ಅನುಕೂಲವಾಗಿತ್ತು. 2007ರ ಪಾಠದ ಸ್ಪಷ್ಟತೆ ಸ್ಪಾಕನ ದೃಷ್ಟಿಗೆ ಅನುಕೂಲವಾಯಿತು. ಅದೇ ಸ್ಪಷ್ಟತೆ ಡೆಕರನ ಸಾವಿಗೆ ಹಿಂದೆ ಇಲ್ಲದ ಗಾಂಭೀರ್ಯವನ್ನೂ ತಂದಿತು. ಮೂರು, ಇದ್ದದ್ದನ್ನು ಮಾತ್ರ ತಿದ್ದಿ, ಇಲ್ಲದ್ದನ್ನು ಸೇರಿಸದ ಪರಿಷ್ಕರ್ತರ ಸಂಯಮದಿಂದಾಗಿ ಕೃತಿಯ ಮಾತಿನ ಶಕ್ತಿ ಉಳಿಯಿತು. ನಾಲ್ಕು, ಎರಡೂ ಪಾಠಗಳು ಒಟ್ಟಿಗೆ ಲಭ್ಯವಿದ್ದಾಗ ಮಾತ್ರ ಇಂಥ ಹೋಲಿಕೆ ಸಾಧ್ಯ.

ಕೊನೆಯ ಅಂಶದಿಂದ ಅಧ್ಯಯನಕಾರರಿಗೆ ಒಂದು ನಿಯಮ ದೊರೆಯುತ್ತದೆ. ಪರಿಷ್ಕೃತವಾದ ಯಾವುದೇ ದೃಶ್ಯಕೃತಿಯನ್ನು ತರಗತಿಯಲ್ಲಿ ಬೋಧಿಸುವಾಗ ಅಥವಾ ಪ್ರಬಂಧದಲ್ಲಿ ಉಲ್ಲೇಖಿಸುವಾಗ, ಯಾವ ವರ್ಷದ ಯಾವ ಪಾಠವನ್ನು ಆಧರಿಸಲಾಗಿದೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು. ಓಲೆಗರಿಯ ಪ್ರತಿಗೆ ಸಂಕೇತಾಕ್ಷರ ಕೊಡುವವರಿಗೆ ಇದು ಹೊಸ ಶ್ರಮವೇನೂ ಅಲ್ಲ. ನಮೂದಿಸದೆ ಹೋದರೆ ಒಬ್ಬ ವಿದ್ಯಾರ್ಥಿ ಡೆಕರನನ್ನು ಸತ್ಯ ಕಂಡವನೆಂದು ಬರೆಯುತ್ತಾನೆ. ಇನ್ನೊಬ್ಬ ಭ್ರಮೆಗೆ ಒಳಗಾದವನೆಂದು 반ರೆಯುತ್ತಾನೆ. ಇಬ್ಬರೂ ತಾವು ನೋಡಿದ ಪಾಠಕ್ಕೆ ನಿಷ್ಠರಾಗಿಯೇ ಇದ್ದರೂ, ತಾವು ನೋಡಿದ್ದು ಬೇರೆಬೇರೆ ಪಾಠಗಳನ್ನು ಎಂಬುದನ್ನು ಅರಿಯದೆ ವಾದಿಸುತ್ತ ಉಳಿಯುತ್ತಾರೆ.